ಪುಡಿಮಾತುಗಳ ಚರಿತ್ರೆ: ಕೇಶಿರಾಜನಿಂದ ಗಣಕಯಂತ್ರದವರೆಗೆ

ಎರಡು ವರ್ಷದ ಕೆಳಗೆ ನಮ್ಮ ಮನೆತನದಲ್ಲಿ ಎರಡೇ ಅಕ್ಷರಕ್ಕಾಗಿ ಒಂದು ಜಗಳವಾಯಿತು. ಬೈಲಹೊಂಗಲದ ಕಡೆಯ ನಮ್ಮ ಹಳ್ಳಿಯಿಂದ ಅವ್ವ ದೂರವಾಣಿಯಲ್ಲಿ ಧ್ವನಿ ಸಂದೇಶ ಕಳಿಸಿದ್ದಳು: “ನಿಮ್ಮ ಕಾಕಾ ಹೊಲಾ ಮಾರ್ಯಾನಂತ.” ಪುಣೆಯಲ್ಲಿರುವ ಅಣ್ಣನ ಮಗನಿಗೆ ಕನ್ನಡ ಓದಲು ಬಾರದು. ಆದ್ದರಿಂದ ನನ್ನ ಮಗಳು ಅಜ್ಜಿಯ ಮಾತನ್ನು ಬರೆದು, ಮೊಬೈಲಿನಲ್ಲಿಯೇ ಇಂಗ್ಲಿಷಿಗೆ ತಿರುಗಿಸಿ ಅವನಿಗೆ ರವಾನಿಸಿದಳು. ಯಂತ್ರವು ತನ್ನ ಕೆಲಸವನ್ನು ಚೊಕ್ಕಟವಾಗಿಯೇ ಮಾಡಿತು. ಕಾಕಾ ಎಂಬುದಕ್ಕೆ ಅಂಕಲ್, ಹೊಲಕ್ಕೆ ಫೀಲ್ಡ್, ಮಾರಿದ್ದಕ್ಕೆ ಸೋಲ್ಡ್. ಕೊನೆಯ ‘ಅಂತ’ ಮಾತ್ರ ಎಲ್ಲಿಯೋ ಉದುರಿಹೋಯಿತು. ಅವ್ವ ಹೇಳಿದ್ದು ಊರಲ್ಲಿ ಹಬ್ಬಿದ ಸುದ್ದಿ. ಪುಣೆಗೆ ತಲುಪಿದ್ದು ನಡೆದುಹೋದ ಸಂಗತಿ. ಪಿತ್ರಾರ್ಜಿತ ಹೊಲ, ಅದರಲ್ಲಿ ಅಣ್ಣನಿಗೂ ಪಾಲುಂಟು. ಆತ ಅದೇ ರಾತ್ರಿ ಕಾಕಾನಿಗೆ ಫೋನು ಮಾಡಿ ಆಡಬಾರದ್ದನ್ನು ಆಡಿದ. ಮೂರು ತಿಂಗಳು ಎರಡೂ ಮನೆಗಳಿಗೆ ಮಾತು ನಿಂತಿತು.

ನಾನು ವಿಜ್ಞಾನದ ಪದವೀಧರ, ಸರ್ಕಾರಿ ಕಾರಕೂನ. ಭಾಷಾಶಾಸ್ತ್ರ ನನ್ನ ವಿಷಯವಲ್ಲ. ಆದರೆ ಈ ಪ್ರಸಂಗದ ನಂತರ ‘ಅಂತೆ’, ‘ತಾನೆ’, ‘ಅಲ್ಲವೇ’, ‘ಕಣೋ’ ಮೊದಲಾದ ಪುಡಿಮಾತುಗಳ ಬಗ್ಗೆ ಏನಾದರೂ ತಿಳಿಯಬೇಕೆಂಬ ಹಟ ಹುಟ್ಟಿತು. ಮಾನಸರೋವರ ಸ್ಟೇಷನ್ನಿನಿಂದ ಸಿ.ಎಸ್.ಎಂ.ಟಿ.ಗೆ ಹೋಗಿಬರುವ ಲೋಕಲ್ ಗಾಡಿಯಲ್ಲಿ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆಂಬುದು ಕಾಮೋಠೆಯಲ್ಲಿ ಮನೆ ಮಾಡಿದವರಿಗೆಲ್ಲ ಗೊತ್ತಿದ್ದದ್ದೇ. ಹಾಗೆ ಓದಿ ತಿಳಿದದ್ದನ್ನು, ನಡುನಡುವೆ ನನಗೆ ತೋಚಿದ್ದನ್ನೂ ಸೇರಿಸಿ, ನಮ್ಮ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಶಾಲೆಯಲ್ಲಿ ನಾವೆಲ್ಲ ಅವ್ಯಯಗಳನ್ನು ಬಾಯಿಪಾಠ ಮಾಡಿದ್ದೇವೆ. ಸಾಮಾನ್ಯ, ಅನುಕರಣ, ಭಾವಸೂಚಕ, ಸಂಬಂಧಾರ್ಥಕ, ಅವಧಾರಣಾರ್ಥಕ ಎಂದು ಮಾಸ್ತರರು ಬೆತ್ತ ಹಿಡಿದು ಹೇಳಿಸುತ್ತಿದ್ದರು. ಲಿಂಗ ವಚನ ವಿಭಕ್ತಿಗಳಿಂದ ಬದಲಾಗದವು ಅವ್ಯಯಗಳು, ಅಲ್ಲಿಗೆ ಪಾಠ ಮುಗಿಯಿತು. ಈ ಪಾಠದ ಮೂಲ ಬಹಳ ಹಿಂದಿನದು. ಹದಿಮೂರನೆಯ ಶತಮಾನದ ನಡುವಿನಲ್ಲಿ, ಸುಮಾರು 1260ರ ವೇಳೆಗೆ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದ. ಈತ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಕವಿ ಜನ್ನನ ಸೋದರಳಿಯ. ಕನ್ನಡದ ವ್ಯಾಕರಣವನ್ನು ಕನ್ನಡ ಕಂದಪದ್ಯಗಳಲ್ಲೇ ಬರೆದು, ಅದಕ್ಕೆ ತಾನೇ ವೃತ್ತಿಯನ್ನೂ ಕೂಡಿಸಿದ ಧೀರ. ಅವನ ಗ್ರಂಥದಲ್ಲಿ ಸಂಧಿಯಿಂದ ಮೊದಲಾಗಿ ಎಂಟು ಪ್ರಕರಣಗಳಿವೆ. ಎಂಟನೆಯದು, ಎಂದರೆ ಎಲ್ಲಕ್ಕಿಂತ ಕೊನೆಯದು, ಅವ್ಯಯ ಪ್ರಕರಣ. ನಾಮಪದ, ಕ್ರಿಯಾಪದಗಳೆಲ್ಲ ಊಟ ಮಾಡಿ ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂತವರಂತೆ ಈ ಪುಡಿಮಾತುಗಳಿಗೆ ಅಲ್ಲಿ ಎಡೆ ದೊರೆತಿದೆ. ದೊರೆತದ್ದೇ ದೊಡ್ಡದು. ಅವು ಏನನ್ನು ಸೂಚಿಸುತ್ತವೆಂದು ಕೇಶಿರಾಜನ ಪರಂಪರೆ ಕೇಳಿತು. ಯಾರು ಯಾರಿಗೆ, ಏನು ತಿಳಿದಿದ್ದಾಗ ಅವನ್ನು ಆಡುತ್ತಾರೆಂಬ ಪ್ರಶ್ನೆ ಬಹುಕಾಲ ಯಾರ ಮುಂದೆಯೂ ಬರಲಿಲ್ಲ. 1604ರಲ್ಲಿ ಭಟ್ಟಾಕಳಂಕನು ಸಂಸ್ಕೃತ ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದಾಗಲೂ ಆ ಪ್ರಶ್ನೆ ಹುಟ್ಟುವ ಕಾಲ ಬಂದಿರಲಿಲ್ಲ.

ಹಳಗನ್ನಡದ ಕವಿಗಳಂತೂ ಈ ಮಾತುಗಳನ್ನು ಕೈತುಂಬ ಬಳಸಿದ್ದಾರೆ. ಗಡ, ವಲಂ, ದಲ್ ಇವೆಲ್ಲ ಅಲ್ಲಿ ಹೆಜ್ಜೆಹೆಜ್ಜೆಗೆ ಸಿಕ್ಕುತ್ತವೆ. ಶರಣರ ವಚನಗಳಲ್ಲಿ ‘ಕಾಣಾ’ ಎಂಬ ಮಾತು ಎಷ್ಟು ಸಲ ಬರುತ್ತದೆಂದು ಎಣಿಸಿದವರುಂಟೋ ಇಲ್ಲವೋ. ಅದು ‘ಕಾಣು’ ಎಂಬ ಕ್ರಿಯಾಪದವೇ. ನೋಡು, ನಿನ್ನ ಕಣ್ಣಿಗೂ ಕಾಣುವಂಥದ್ದಿದು, ಎಂದು ಕೇಳುವವನನ್ನು ಸಾಕ್ಷಿಗೆ ಕರೆಯುವ ಮಾತು. ಸವೆದು ಸವೆದು ಅದು ‘ಕಣಾ’ ಆಯಿತು, ಮುಂದೆ ಮೈಸೂರು ಸೀಮೆಯ ‘ಕಣೋ’, ‘ಕಣೇ’, ‘ಕಣ್ರೀ’ ಆಯಿತು. ಇಂದು ದಾದರಿನ ಮಾರುಕಟ್ಟೆಯಲ್ಲಿ ಒಬ್ಬ ಬೆಂಗಳೂರಿನ ಹೆಂಗಸು “ಬದನೆಕಾಯಿ ಎಳೇದಲ್ಲ ಕಣ್ರೀ” ಎಂದರೆ ಆ ‘ಕಣ್ರೀ’ಯ ವಯಸ್ಸು ಎಂಟುನೂರು ವರ್ಷಕ್ಕೂ ಹೆಚ್ಚು. ಇನ್ನು ‘ಗಡ’. ಕಾಸರಗೋಡಿನ ಹವ್ಯಕರ ಮಾತಿನಲ್ಲಿ ‘ಅಂತೆ’ ಎನ್ನಲು ‘ಅಡ’ ಎನ್ನುತ್ತಾರೆ: “ಅವ ಬತ್ತನಡ.” ಇದು ಆ ಹಳೆಯ ಗಡದ ಮೊಮ್ಮಗನಿರಬಹುದೆಂದು ನನಗೆ ತೋರುತ್ತದೆ, ತೀರ್ಪನ್ನು ಪಂಡಿತರಿಗೆ ಬಿಡುತ್ತೇನೆ.

ಕೇಶಿರಾಜನ ಗ್ರಂಥವನ್ನು ಅಚ್ಚಿನಲ್ಲಿ ಶಾಸ್ತ್ರೀಯವಾಗಿ ಸಂಪಾದಿಸಿ ಕೊಟ್ಟವನು ಕನ್ನಡಿಗನಲ್ಲ, ಜರ್ಮನಿಯ ಒಬ್ಬ ಪಾದ್ರಿ. ಇಲ್ಲಿಂದ ನಮ್ಮ ಕಥೆಗೆ ಒಂದು ಚಮತ್ಕಾರಿಕ ತಿರುವು ಸಿಗುತ್ತದೆ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದು ನಮ್ಮ ಮಕ್ಕಳಿಗೂ ರಸಪ್ರಶ್ನೆಯಿಂದ ಗೊತ್ತು. ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದ. 1872ರಲ್ಲಿ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1903ರಲ್ಲಿ ಕನ್ನಡದ ವ್ಯಾಕರಣ. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಆತ ತೀರಿಕೊಂಡ. ಆ ನಿಘಂಟಿನಲ್ಲಿ ಕಾವ್ಯದ ಶಬ್ದಗಳ ಜತೆಗೆ ಗಾದೆಗಳು, ಆಡುಮಾತುಗಳು ಸಲೀಸಾಗಿ ಒಳಹೊಕ್ಕಿವೆ. ಹೊರದೇಶದಿಂದ ಬಂದವನಿಗೆ ಈ ಸಣ್ಣ ಮಾತುಗಳ ಮೇಲೆ ಕಿವಿ ಹೇಗೆ ನಿಂತಿತು? ಆತನ ತಾಯ್ನುಡಿಯೇ ಕಾರಣವಿರಬಹುದೆಂದು ನನ್ನ ಊಹೆ. ಏಕೆಂದರೆ ಪುಡಿಮಾತುಗಳ ಶ್ರೀಮಂತಿಕೆಯಲ್ಲಿ ಕನ್ನಡಕ್ಕೆ ಸರಿಸಮನಾಗಿ ನಿಲ್ಲುವ ಯುರೋಪಿನ ಭಾಷೆ ಯಾವುದೆಂದರೆ ಜರ್ಮನ್.

ಬಿ.ಎಸ್ಸಿ. ಮುಗಿಸಿದ ಹೊಸತರಲ್ಲಿ ನಾನು ಆರು ತಿಂಗಳು ಸಂಜೆಯ ತರಗತಿಗೆ ಹೋಗಿ ಜರ್ಮನ್ ಕಲಿತಿದ್ದೆ. ಅಲ್ಲಿ ‘ಯಾ’ ಎಂದರೆ ಹೌದು ಎಂದು ಮೊದಲ ದಿನ ಹೇಳಿಕೊಟ್ಟರು. ಎರಡನೆಯ ತಿಂಗಳಲ್ಲಿ ವಾಕ್ಯದ ನಟ್ಟನಡುವೆ ‘ಯಾ’ ಬರತೊಡಗಿತು. ಅಲ್ಲಿ ಅದಕ್ಕೆ ಹೌದು ಎಂಬ ಅರ್ಥ ಹೊಂದುವುದಿಲ್ಲ. ಗುರುಗಳನ್ನು ಕೇಳಿದರೆ ಅದು ಸುಮ್ಮನೆ ಬರುತ್ತದೆ, ರೂಢಿಯಿಂದ ತಿಳಿಯುತ್ತದೆ ಎಂದರು. ಆಗ ನನಗೆ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ. “ಮೋರ್ಗನ್ ಇಸ್ಟ್ ಫೈಯರ್‌ಟಾಗ್” ಎಂದರೆ ನಾಳೆ ರಜೆ. ಅದರಲ್ಲಿ ‘ಯಾ’ ಸೇರಿಸಿದರೆ: ನಾಳೆ ರಜೆಯಲ್ಲವೇ, ನಿಮಗೂ ಗೊತ್ತಿದ್ದದ್ದೇ. ‘ಯಾ’ದ ಬದಲು ‘ಡಾಖ್’ ಸೇರಿಸಿದರೆ: ನಾಳೆ ರಜೆ ಕಣಯ್ಯಾ, ಗೊತ್ತಿದ್ದೂ ಬ್ಯಾಂಕಿಗೆ ಹೊರಟಿದ್ದೀಯಲ್ಲ! ರಜೆಯ ಸಂಗತಿ ಎಲ್ಲದರಲ್ಲಿಯೂ ಒಂದೇ. ಆಡುವವನು ಕೇಳುವವನ ತಲೆಯೊಳಗೆ ಏನಿದೆಯೆಂದು ಎಣಿಸಿದ್ದಾನೆ ಎಂಬುದು ಮಾತ್ರ ಬೇರೆ.

ಇನ್ನೊಂದೆರಡು ಜೋಡಿ ಹೇಳದೆ ಮುಂದೆ ಹೋಗಲಾರೆ. ಜರ್ಮನ್ನರ ‘ಶೋನ್’ ಎಂಬುದಕ್ಕೆ ಕೋಶದಲ್ಲಿ ‘ಆಗಲೇ’ ಎಂಬ ಅರ್ಥವಿದೆ. ಆದರೆ ದಿಗಿಲುಪಟ್ಟವರಿಗೆ ಸಮಾಧಾನ ಹೇಳುವಾಗ ಬರುವ ‘ಶೋನ್’ ಏನೆಂದರೆ ನಮ್ಮ ‘ಬಿಡು’. “ಬರ್ತಾನೆ ಬಿಡು” ಎಂದಾಗ ನಾವು ಏನನ್ನೂ ಬಿಡಿಸುವುದಿಲ್ಲ, ಚಿಂತೆಯನ್ನಷ್ಟೇ ಬಿಡಿಸುತ್ತೇವೆ. ಹಾಗೆಯೇ ‘ಮಾಲ್’ ಎಂದರೆ ‘ಒಂದು ಸಲ’. ಯಾರನ್ನಾದರೂ ಕರೆಯುವಾಗ ಅದನ್ನು ಸೇರಿಸಿದರೆ “ಸ್ವಲ್ಪ ಇಲ್ಲಿ ಬಾ” ಎಂದ ಹಾಗೆ. ಸ್ವಲ್ಪ ಬರುವುದು ಎಂದರೆ ಅರ್ಧ ದೂರ ಬಂದು ನಿಲ್ಲುವುದೇ? ಅಲ್ಲ. ಆಜ್ಞೆಯ ಅಂಚನ್ನು ಮೆತ್ತಗೆ ಮಾಡುವ ಉಪಾಯ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಒಂದೇ ಉಪಾಯವನ್ನು ಕಂಡುಕೊಂಡದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಇಷ್ಟಿದ್ದೂ ಜರ್ಮನ್ನರಲ್ಲಿಯೇ ಈ ಮಾತುಗಳಿಗೆ ಮರ್ಯಾದೆ ಇರಲಿಲ್ಲ. ಶೈಲಿಯ ಗುರುಗಳು ಇವನ್ನು ತೇಪೆ ಹಾಕುವ ಮಾತುಗಳೆಂದು ಜರೆಯುತ್ತಿದ್ದರು. ಭಾಷೆಯ ಮೈಗೆ ಹತ್ತಿದ ಹೇನುಗಳೆಂದು ಬರೆದವರೂ ಇದ್ದರು. ನಮ್ಮ ಮಾಸ್ತರರು ಪ್ರಬಂಧದಲ್ಲಿ ‘ಕಣೋ’ ಬರೆದರೆ ಕೆಂಪು ಗೀಟು ಎಳೆಯುತ್ತಿದ್ದ ಹಾಗೆ. 1969ರಲ್ಲಿ ಹರಾಲ್ಡ್ ವೈಡ್ಟ್ ಎಂಬ ವಿದ್ವಾಂಸ ಜರ್ಮನ್ನಿನ ಈ ಮಾತುಗಳನ್ನು ಫ್ರೆಂಚಿನೊಡನೆ ಹೋಲಿಸಿ ಒಂದು ಪುಸ್ತಕ ಬರೆದ. ಅವಕ್ಕೆ ಆತ ಕೊಟ್ಟ ಹೆಸರು ‘ಆಬ್‌ಟ್ಯೋನುಂಗ್ಸ್ ಪಾರ್ಟಿಕೆಲ್’. ಚಿತ್ರಕಾರನು ಬಣ್ಣದ ಛಾಯೆಯನ್ನು ತುಸು ಬದಲಿಸುತ್ತಾನಲ್ಲ, ಅಂತಹ ಛಾಯೆ ಕೊಡುವ ಪುಡಿಗಳು ಎಂದರ್ಥ. ಅಲ್ಲಿಂದಾಚೆ ಜರ್ಮನಿಯಲ್ಲಿ ಇದೊಂದು ಶಾಸ್ತ್ರವಾಗಿಯೇ ಬೆಳೆಯಿತು.

ಅದೇ 1969ರಲ್ಲಿ ಅಮೆರಿಕದಲ್ಲಿ ಡೇವಿಡ್ ಲೂಯಿಸ್ ಎಂಬ ತತ್ವಜ್ಞಾನಿ, ‘ನಮಗಿಬ್ಬರಿಗೂ ಗೊತ್ತು’ ಎಂಬ ಮಾತಿನ ಅರ್ಥವೇನೆಂದು ವಿಚಾರ ಮಾಡಿದ. ಇದು ತೋರುವಷ್ಟು ಸರಳವಲ್ಲ. ನಮ್ಮ ಕಚೇರಿಯ ಸುತ್ತೋಲೆಯ ಉದಾಹರಣೆಯಿಂದ ಹೇಳುತ್ತೇನೆ. ಶನಿವಾರವೂ ಕೆಲಸಕ್ಕೆ ಬರಬೇಕೆಂಬ ಆದೇಶವನ್ನು ಹತ್ತು ಮಂದಿಗೆ ಹತ್ತು ಮುಚ್ಚಿದ ಲಕೋಟೆಗಳಲ್ಲಿ ಕೊಟ್ಟರೆಂದುಕೊಳ್ಳಿ. ಪ್ರತಿಯೊಬ್ಬನಿಗೂ ವಿಷಯ ಗೊತ್ತು; ಆದರೆ ಪಕ್ಕದ ಮೇಜಿನವನಿಗೆ ಗೊತ್ತೆಂಬುದು ಗೊತ್ತಿಲ್ಲ. ಲಕೋಟೆಯ ಬದಲು ಒಂದೇ ಹಾಳೆಯನ್ನು ಸಹಿಗಾಗಿ ತಿರುಗಿಸಿದರೆ, ಕೊನೆಯಲ್ಲಿ ಸಹಿ ಹಾಕಿದವನಿಗೆ ಎಲ್ಲರೂ ನೋಡಿದ್ದಾರೆಂದು ತಿಳಿಯುತ್ತದೆ. ಮೊದಲು ಸಹಿ ಹಾಕಿದ ಬಡಪಾಯಿಗೆ ತನ್ನ ನಂತರ ಯಾರು ನೋಡಿದರೆಂದು ತಿಳಿಯದು. ದೊಡ್ಡ ಸಾಹೇಬರು ಎಲ್ಲರನ್ನೂ ಒಂದೇ ಕೋಣೆಗೆ ಕರೆದು ಎದುರಿಗೆ ಓದಿ ಹೇಳಿದಾಗ ಮಾತ್ರ ನನಗೆ ಗೊತ್ತು, ನಿಮಗೆ ಗೊತ್ತು, ನಿಮಗೆ ಗೊತ್ತೆಂದು ನನಗೆ ಗೊತ್ತು, ನನಗೆ ಹಾಗೆ ಗೊತ್ತೆಂದು ನಿಮಗೆ ಗೊತ್ತು, ಹೀಗೆ ಕೊನೆಯಿಲ್ಲದೆ ಸಾಗುತ್ತದೆ. ಈ ಕೊನೆಯಿಲ್ಲದ ತಿಳಿವಳಿಕೆಯೇ ಲೂಯಿಸ್ ಹೇಳಿದ ಸಮಾನ ಜ್ಞಾನ. 1978ರಲ್ಲಿ ರಾಬರ್ಟ್ ಸ್ಟಾಲ್‌ನೇಕರ್ ಇದನ್ನು ಮಾತುಕತೆಗೆ ಅನ್ವಯಿಸಿದ. ಇಬ್ಬರು ಮಾತಾಡುವಾಗ ಅವರ ನಡುವೆ ಒಂದು ಜಂಟಿ ಖಾತೆ ಇರುತ್ತದೆ. ಒಬ್ಬನು ಒಂದು ಮಾತು ಹೇಳಿ ಇನ್ನೊಬ್ಬನು ಒಪ್ಪಿದರೆ ಅದು ಆ ಖಾತೆಗೆ ಜಮಾ ಆಗುತ್ತದೆ ಎಂಬುದು ಅವನ ವಾದದ ಸಾರ. ಖಾತೆ, ಜಮಾ ಎಂಬುದು ನನ್ನ ಮಾತು. ಗುಮಾಸ್ತನ ಬುದ್ಧಿ ಬಿಡುವುದಿಲ್ಲ.

ಈ ಜಂಟಿ ಖಾತೆಯನ್ನು ಎದುರಿಗೆ ಇಟ್ಟುಕೊಂಡರೆ ನಮ್ಮ ಪುಡಿಮಾತುಗಳ ಕೆಲಸ ಬೆಳಕಿಗೆ ಬಿದ್ದಂತೆ ಕಾಣುತ್ತದೆ. “ನಾಳೆ ರಜೆ” ಎಂದರೆ ಹೊಸದಾಗಿ ಜಮಾ ಮಾಡುತ್ತಿದ್ದೇನೆ. “ನಾಳೆ ರಜೆ ತಾನೆ?” ಎಂದರೆ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ನಿಮ್ಮ ಪುಸ್ತಕದೊಡನೆ ತಾಳೆ ನೋಡಿ ಹೇಳಿ. “ರಜೆಯಲ್ಲವೇ” ಎಂದರೆ ಆಗಲೇ ಜಮಾ ಆಗಿದೆ, ನೆನಪಿಸುತ್ತಿದ್ದೇನೆ. “ರಜೆ ಕಣೋ” ಎಂದರೆ ನಿನ್ನ ಪುಸ್ತಕದಲ್ಲಿ ತಪ್ಪಿದೆ, ತಿದ್ದಿಕೋ. “ನಾಳೆಯೂ ರಜೆ” ಎಂದರೆ ಇನ್ನೊಂದು ದಿನದ ರಜೆ ಆಗಲೇ ಖಾತೆಯಲ್ಲಿದೆ. “ರಜೆಯೇನೋ” ಎಂದರೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಇನ್ನು “ರಜೆಯಂತೆ” ಎಂದರೆ, ರಜೆಯನ್ನು ನಾನು ಜಮಾ ಮಾಡುವುದೇ ಇಲ್ಲ. ಯಾರೋ ಹಾಗೆಂದರು ಎಂಬುದನ್ನು ಮಾತ್ರ ಜಮಾ ಮಾಡುತ್ತೇನೆ. ನಾಳೆ ಕಚೇರಿ ತೆರೆದಿದ್ದರೆ ನನ್ನನ್ನು ಸುಳ್ಳುಗಾರನೆನ್ನುವಂತಿಲ್ಲ.

ಕೊನೆಯದು ಹಾಸ್ಯದ ಸಂಗತಿಯಲ್ಲ. ಸಾಕ್ಷಿಯ ಕಾನೂನಿನಲ್ಲಿ ಕಣ್ಣಾರೆ ಕಂಡದ್ದಕ್ಕೂ ಕೇಳಿದ್ದಕ್ಕೂ ಆಕಾಶ ಪಾತಾಳದ ಅಂತರ. ಬಾಯಿಂದ ಹೇಳುವ ಸಾಕ್ಷ್ಯ ನೇರವಾಗಿರಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು ವಿಧಿಸಿತ್ತು. ಆ ಅಧಿನಿಯಮದ ಸ್ಥಾನಕ್ಕೆ ಬಂದ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ವವನ್ನು ಉಳಿಸಿಕೊಂಡಿದೆ. (ಕಿಟ್ಟೆಲ್ ಶಬ್ದಮಣಿದರ್ಪಣ ಅಚ್ಚು ಹಾಕಿಸಿದ್ದೂ 1872ರಲ್ಲಿಯೇ ಎಂಬುದು ಕೇವಲ ಕಾಕತಾಳೀಯ.) ಕನ್ನಡ ಸಾಕ್ಷಿಯೊಬ್ಬ “ಹೊಡೆದನಂತೆ” ಎಂದದ್ದನ್ನು ಬರೆದುಕೊಳ್ಳುವವರು ಇಂಗ್ಲಿಷಿನಲ್ಲಿ “ಹೊಡೆದನು” ಎಂದು ಇಳಿಸಿದರೆ ಏನಾದೀತೆಂದು ಯೋಚಿಸಿ. ನಮ್ಮ ಮನೆಯಲ್ಲಿ ಹೋದದ್ದು ಮೂರು ತಿಂಗಳ ಮಾತು. ಅಲ್ಲಿ ಹೋಗುವುದು ಒಬ್ಬನ ಆಯುಷ್ಯದ ವರ್ಷಗಳು.

ಇನ್ನು ಗಣಕಯಂತ್ರದ ಕಡೆಗೆ ಬರೋಣ. ಜಂಟಿ ಖಾತೆಯ ವಿಚಾರ ಗಣಕ ವಿಜ್ಞಾನಿಗಳಿಗೆ ಬೇರೊಂದು ದಾರಿಯಿಂದ ಎದುರಾಯಿತು. ಎರಡು ಗುಡ್ಡಗಳ ಮೇಲೆ ಒಂದೇ ಪಕ್ಷದ ಇಬ್ಬರು ಸೇನಾಪತಿಗಳು, ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಂದೇ ಹೊತ್ತಿಗೆ ಏರಿಹೋದರೆ ಗೆಲುವು, ಒಬ್ಬನೇ ಹೋದರೆ ಸಾವು. ದೂತನನ್ನು ಕಳಿಸಿದರೆ ಅವನು ದಾರಿಯಲ್ಲಿ ಸಿಕ್ಕಿಬೀಳಬಹುದು. “ಬೆಳಗಿಗೆ ಹೊರಡೋಣ” ಎಂದು ಹೇಳಿಕಳಿಸಿದವನಿಗೆ ಅದು ಮುಟ್ಟಿತೆಂಬ ಉತ್ತರ ಬೇಕು. ಉತ್ತರ ಕೊಟ್ಟವನಿಗೆ ಉತ್ತರ ಮುಟ್ಟಿತೆಂಬ ಮರುತ್ತರ ಬೇಕು. ಎಷ್ಟು ದೂತರನ್ನು ಓಡಾಡಿಸಿದರೂ ಸಮಾನ ಜ್ಞಾನ ದೊರೆಯುವುದಿಲ್ಲವೆಂದು 1984ರಲ್ಲಿ ಜೋಸೆಫ್ ಹಾಲ್ಪರ್ನ್ ಮತ್ತು ಯೋರಾಮ್ ಮೋಸೆಸ್ ತರ್ಕದಿಂದ ಸಾಧಿಸಿ ತೋರಿಸಿದರು. ತಂತಿಯ ಎರಡು ತುದಿಯ ಎರಡು ಯಂತ್ರಗಳ ಪಾಡೂ ಇದೇ. ಮನುಷ್ಯರಾದ ನಾವು ಮಾತ್ರ “ಬರ್ತೀಯ ತಾನೆ?”, “ಬರ್ತೀನಿ ಬಿಡೋ” ಎಂದು ಎರಡು ಮಾತಿನಲ್ಲಿ ಮುಗಿಸಿ, ಕಳಂಬೋಲಿಯ ಬಸ್ಸು ನಿಲ್ದಾಣದಲ್ಲಿ ಸರಿಯಾಗಿ ಭೇಟಿಯಾಗುತ್ತೇವೆ. ಗಣಿತಕ್ಕೆ ಅಸಾಧ್ಯವಾದದ್ದನ್ನು ನಾವು ಸಾಧಿಸಿದ್ದೇವೆಂದಲ್ಲ. ನಂಬಿಕೆಯ ಮೇಲೆ ಲೆಕ್ಕವನ್ನು ಮುಗಿಸಿಬಿಡುತ್ತೇವೆ, ಅಷ್ಟೇ.

ಜರ್ಮನ್ ಸರ್ಕಾರವು 1993ರಿಂದ 2000ದವರೆಗೆ ‘ವೆರ್ಬ್‌ಮೊಬಿಲ್’ ಎಂಬ ಭಾರಿ ಯೋಜನೆಯನ್ನು ನಡೆಸಿತು. ವೋಲ್ಫ್‌ಗಾಂಗ್ ವಾಲ್‌ಸ್ಟರ್ ಅದರ ಮುಖ್ಯಸ್ಥ. ಜರ್ಮನ್, ಇಂಗ್ಲಿಷ್, ಜಪಾನಿ ಮಾತಾಡುವ ವ್ಯಾಪಾರಿಗಳು ಭೇಟಿಯ ದಿನ, ವೇಳೆ, ಪ್ರಯಾಣಗಳನ್ನು ಗೊತ್ತುಮಾಡಿಕೊಳ್ಳುವಾಗ ಯಂತ್ರವು ನಡುವೆ ದುಭಾಷಿಯಾಗಿ ನಿಲ್ಲಬೇಕೆಂಬುದು ಉದ್ದೇಶ. ಬರೆದ ವಾಕ್ಯವಲ್ಲ, ಬಾಯಿಂದ ಬಂದ ಸಹಜ ಮಾತು. ಕೂಡಲೇ ಪುಡಿಮಾತುಗಳು ಮುತ್ತಿಕೊಂಡವು. ಕೇಶಿರಾಜ ಕೊನೆಯ ಪಂಕ್ತಿಯಲ್ಲಿ ಕೂರಿಸಿದವರು ಇಲ್ಲಿ ಬಾಗಿಲಲ್ಲೇ ಅಡ್ಡ ನಿಂತರು. “ಸೋಮವಾರ ಸೇರೋಣ” ಎಂದು ಒಬ್ಬ ಹೇಳಿದ ಮೇಲೆ ಮತ್ತೊಬ್ಬ ‘ಡಾಖ್’ ಸೇರಿಸಿ “ಸೋಮವಾರ ರಜೆಯಲ್ಲವೇ” ಎಂದರೆ ಅವನು ಪಂಚಾಂಗ ಓದುತ್ತಿಲ್ಲ, ಆ ದಿನ ಬೇಡವೆನ್ನುತ್ತಿದ್ದಾನೆ. ಯಂತ್ರವು ಶಬ್ದವನ್ನು ಶಬ್ದಕ್ಕೆ ಇಟ್ಟರೆ ಇದು ತಿಳಿಯುವುದಿಲ್ಲ. ಇಂಗ್ಲಿಷಿಗೆ ಹೋಗುವಾಗ ಅದೇ ‘ಡಾಖ್’ ಒಮ್ಮೆ ‘ಆದರೆ’ ಆಗಬೇಕು, ಒಮ್ಮೆ ಪೂರ್ತಿ ಬಿಟ್ಟುಹೋಗಬೇಕು. ಜಪಾನಿಗೆ ಹೋಗುವಾಗ ಮಾತ್ರ ಅವರಲ್ಲಿಯೂ ವಾಕ್ಯದ ತುದಿಗೆ ‘ನೆ’, ‘ಯೊ’ ಎಂಬ ಪುಡಿಗಳಿವೆ. ‘ನೆ’ ಎಂಬುದು ಬಹುಮಟ್ಟಿಗೆ ನಮ್ಮ ‘ಅಲ್ವಾ’. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕೆಂದು ನಿರ್ಧರಿಸಲು ಯಂತ್ರಕ್ಕೆ ಇಲ್ಲಿಯವರೆಗೆ ಇಬ್ಬರ ನಡುವೆ ಏನೇನು ಒಪ್ಪಿಗೆಯಾಗಿದೆ ಎಂಬ ಲೆಕ್ಕ ಬೇಕು. ಅಂದರೆ ಅದೇ ಜಂಟಿ ಖಾತೆ.

ಆಮೇಲಿನ ವರ್ಷಗಳಲ್ಲಿ ಎರಡು ಬಗೆಯ ಪ್ರಯತ್ನ ನಡೆದಿವೆ. ಒಂದು ತರ್ಕದ್ದು: ಆಡುವವನ ನಂಬಿಕೆ, ಕೇಳುವವನ ನಂಬಿಕೆ, ಇಬ್ಬರ ಸಮಾನ ನಂಬಿಕೆ ಎಂದು ಮೂರು ಗಣಗಳನ್ನು ಮಾಡಿ, ಪ್ರತಿ ಪುಡಿಮಾತಿಗೂ ನಿಯಮ ಬರೆಯುವುದು. ಇನ್ನೊಂದು ಸಂಭಾವ್ಯತೆಯದು: 2012ರಲ್ಲಿ ಮೈಕೆಲ್ ಫ್ರಾಂಕ್ ಮತ್ತು ನೋವಾ ಗುಡ್‌ಮನ್ ತೋರಿಸಿದ ಹಾದಿ. ಇವನು ಈ ಮಾತನ್ನೇ ಏಕೆ ಆರಿಸಿದ, ಬೇರೆಯದನ್ನು ಏಕೆ ಆರಿಸಲಿಲ್ಲ ಎಂದು ಕೇಳುವವನು ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಆ ಲೆಕ್ಕವನ್ನು ಅಂಕಿಗಳಲ್ಲಿ ಬರೆಯಬಹುದು. ನಾವು ಕಾಲೇಜಿನಲ್ಲಿ ಓದಿದ ಬೇಯ್ಸನ ಸೂತ್ರವೇ ಅದರ ಬುನಾದಿ. ಪರೀಕ್ಷೆ ಮುಗಿದ ಮೇಲೆ ಆ ಸೂತ್ರ ಹೀಗೆ ನಮ್ಮವ್ವನ ಮಾತಿಗೆ ಬಂದು ತಗಲುತ್ತದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಮ್ಮ ದೇಶದಲ್ಲಿಯೂ ಒಂದು ಕೆಲಸ ನಡೆದಿತ್ತು, ಅದನ್ನು ಹೇಳಲೇಬೇಕು. ಕಾನ್ಪುರದ ಐ.ಐ.ಟಿ.ಯಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು ಪಾಣಿನಿಯ ವ್ಯಾಕರಣವನ್ನು ಆಧಾರವಾಗಿಟ್ಟುಕೊಂಡು ‘ಅನುಸಾರಕ’ ಎಂಬ ಸಾಧನವನ್ನು ಕಟ್ಟಿದರು. 1990ರ ದಶಕದಲ್ಲಿ ಅದು ಸಿದ್ಧವಾದ ಜೋಡಿಗಳಲ್ಲಿ ಕನ್ನಡದಿಂದ ಹಿಂದಿಗೆ ಎಂಬುದೂ ಒಂದು. ಅದರ ನೀತಿ ನನಗೆ ಬಹಳ ಹಿಡಿಸಿತು. ಹಿಂದಿ ಸುಂದರವಾಗಿರಬೇಕೆಂದು ಅವರು ಹಟ ಹಿಡಿಯಲಿಲ್ಲ. ಮೂಲದಲ್ಲಿದ್ದ ಮಾಹಿತಿ ಸೋರಿಹೋಗಬಾರದು, ಹಿಂದಿಯಲ್ಲಿ ಸಮಾನ ರೂಪ ಇಲ್ಲದಿದ್ದರೆ ಒಂದು ಗುರುತನ್ನಾದರೂ ಇಡಬೇಕು, ಓದುವವನು ಸ್ವಲ್ಪ ಶ್ರಮಪಟ್ಟು ಅದನ್ನು ಕಲಿತುಕೊಳ್ಳಲಿ ಎಂದರು. ಈಗಿನ ಅನುವಾದ ಯಂತ್ರಗಳ ನೀತಿ ಇದಕ್ಕೆ ತಿರುಗುಮುರುಗು. 2011ರ ಜೂನಿನಲ್ಲಿ ಗೂಗಲ್ ಸಂಸ್ಥೆಯು ಕನ್ನಡವನ್ನು ತನ್ನ ಅನುವಾದದ ಪಟ್ಟಿಗೆ ಸೇರಿಸಿತು; 2022ರಲ್ಲಿ ಕೇಂದ್ರ ಸರ್ಕಾರದ ‘ಭಾಷಿಣಿ’ ಬಂತು. ಈಗಿನ ಯಂತ್ರಗಳು ನಿಯಮದಿಂದಲ್ಲ, ರಾಶಿರಾಶಿ ಬರವಣಿಗೆಯಿಂದ ಕಲಿಯುವಂಥವು. ಅವುಗಳ ವಾಕ್ಯ ನುಣುಪಾಗಿರುತ್ತದೆ. ನುಣುಪಿನಲ್ಲಿಯೇ ಅಪಾಯವಿದೆ. ಅಚ್ಚಾದ ಬರವಣಿಗೆಯಲ್ಲಿ ‘ಕಣೋ’, ‘ತಾನೆ’ಗಳು ಎಷ್ಟಿರುತ್ತವೆ? ಮಾಸ್ತರರ ಕೆಂಪು ಗೀಟು ಇಲ್ಲಿ ಬಂದು ಬಡ್ಡಿ ಸಮೇತ ವಸೂಲಾಗುತ್ತಿದೆ.

ಇನ್ನೊಂದು ತೊಡಕೂ ಉಂಟು. ಮೈಸೂರು ಕಡೆಯವರು “ಬರ್ತೀನಿ ಅಂತ ಹೇಳಿದ” ಎನ್ನುವ ‘ಅಂತ’ವನ್ನೂ, “ಬಂದನಂತೆ” ಎನ್ನುವ ‘ಅಂತೆ’ಯನ್ನೂ ಬೇರೆಬೇರೆಯಾಗಿ ನುಡಿಯುತ್ತಾರೆ. ನಮ್ಮ ಬೆಳಗಾವಿ, ಧಾರವಾಡದ ಕಡೆ ಎರಡೂ ‘ಅಂತ’. ಅವ್ವನ “ಮಾರ್ಯಾನಂತ” ಎಂಬ ಮಾತು ಯಂತ್ರಕ್ಕೆ ಮುಗಿಯದ ವಾಕ್ಯದ ಬಾಲದಂತೆ ಕಂಡು, ಅದನ್ನು ಕತ್ತರಿಸಿ ಎಸೆದಿರಬೇಕು. ನನ್ನ ಊಹೆಯಷ್ಟೇ, ಆದರೆ ಊಹೆಯನ್ನು ಊಹೆಯೆಂದೇ ಹೇಳುತ್ತಿದ್ದೇನೆ, ಈ ಲೇಖನದ ವಿಷಯಕ್ಕೆ ಅದು ಶೋಭಿಸುತ್ತದೆ.

ವಿಚಿತ್ರವೆಂದರೆ ಆ ಸುದ್ದಿ ಮರಾಠಿಯ ಮೂಲಕ ಹೋಗಿದ್ದರೆ ಏನೂ ಕೆಡುತ್ತಿರಲಿಲ್ಲ. ನಮ್ಮ ಕಟ್ಟಡದ ಮರಾಠಿ ನೆರೆಯವರು ದಿನಕ್ಕೆ ಹತ್ತು ಸಲ ಆಡುವ ‘ಮ್ಹಣೆ’ ಎಂಬುದು ತದ್ವತ್ ನಮ್ಮ ‘ಅಂತೆ’. ಅದು ‘ಹೇಳು’ ಎಂಬರ್ಥದ ಅವರ ಕ್ರಿಯಾಪದದಿಂದ ಬಂದದ್ದು, ನಮ್ಮದು ‘ಅನ್ನು’ ಎಂಬುದಕ್ಕೆ ಸೇರಿದ್ದು. ಸಾಂಗ್ಲಿ ಜಿಲ್ಲೆಯ ಕುಪವಾಡವೆಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ತಲೆಮಾರುಗಳಿಂದ ಒಟ್ಟಿಗೆ ಬಾಳಿವೆ. ಅಲ್ಲಿ ಶಬ್ದಗಳು ಬೇರೆಯಾಗಿ ಉಳಿದರೂ ವಾಕ್ಯದ ಕಟ್ಟು ಒಂದೇ ಅಚ್ಚಿಗೆ ಬಂದಿದೆಯೆಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ಪ್ರಸಿದ್ಧವಾಗಿದೆ. ಒಂದೇ ಬಾವಿಯ ನೀರು ಕುಡಿದವರ ನಡುವೆ ಇಂಥ ಮಾತುಗಳು ಸೋರಿಹೋಗುವುದಿಲ್ಲ. ನಮ್ಮ ಮಕ್ಕಳು ಕನ್ನಡದಿಂದ ನೇರವಾಗಿ ಇಂಗ್ಲಿಷಿಗೆ ಹಾರುತ್ತಾರೆ. ನಡುವೆ ಕಾಲಿಡಲು ಕಲ್ಲಿಲ್ಲ. ನನ್ನ ಮಗಳ ಕನ್ನಡದಲ್ಲಿ ‘ಅಂತೆ’ಯೂ ಇಲ್ಲ, ‘ಅಂತ’ವೂ ಇಲ್ಲ. ಅವಳು ವಾಕ್ಯದ ಕೊನೆಗೆಲ್ಲ ‘ನಾ’ ಎನ್ನುತ್ತಾಳೆ. “ನಾಳೆ ರಜೆ ಇದೆ ನಾ.” ಅದು ‘ತಾನೆ’ಯೋ, ‘ಅಲ್ಲವೇ’ಯೋ, ‘ಕಣೋ’ ಎಂಬುದೋ ಅವಳ ದನಿಯಿಂದ ನಾವೇ ಊಹಿಸಬೇಕು. ಇದನ್ನು ದೂರೆಂದು ತಿಳಿಯಬೇಡಿ. ಅವಳಿಗೆ ಅವ್ವನ ಮಾತನ್ನು ಪುಣೆಗೆ ಮುಟ್ಟಿಸಬೇಕೆನಿಸಿತಲ್ಲ, ಅದೇ ಸಾಕು.

ಜಗಳದ ಕಥೆ ಅರ್ಧಕ್ಕೆ ನಿಂತಿದೆ. ಕಳೆದ ದೀಪಾವಳಿಗೆ ಮುಂಚೆ ಕಾಕಾ ಕಣ್ಣಿನ ತಪಾಸಣೆಗೆಂದು ಮುಂಬಯಿಗೆ ಬಂದ. ರಾತ್ರಿ ಬಸ್ಸಿನಿಂದ ಬೆಳಗಿನ ಜಾವ ಹೆದ್ದಾರಿಯಲ್ಲಿ ಇಳಿದವನನ್ನು ಮನೆಗೆ ಕರೆತಂದೆ. ಮಧ್ಯಾಹ್ನಕ್ಕೆ ಅಣ್ಣನೂ ಪುಣೆಯಿಂದ ಬಂದ, ನಾನೇ ಹೇಳಿಕಳಿಸಿದ್ದೆ. ಊಟವಾಗುವ ತನಕ ಇಬ್ಬರೂ ನನ್ನೊಡನೆ ಮಾತಾಡಿದರು, ಪರಸ್ಪರ ಆಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡ ಮೇಲೆ ಕಾಕಾ ತಾನೇ ಎತ್ತಿದ: “ನಾ ಹೊಲಾ ಮಾರಿಲ್ಲೋ. ಒಂದ ವರ್ಷಕ್ಕ ಲಾವಣಿಗೆ ಕೊಟ್ಟೇನಿ, ನಿನ್ನ ಪಾಲಿನ ರೊಕ್ಕಾ ತಂದೇನಿ. ಮಾರ್ಯಾನ ಅಂತ ನಿನಗ ಹೇಳಿದವರ್ಯಾರು?” ಅಣ್ಣ ನನ್ನ ಮುಖ ನೋಡಿದ, ನಾನು ಮಗಳ ಮುಖ ನೋಡಿದೆ. ಅವಳು ಮೊಬೈಲು ತೆಗೆದು ಅಜ್ಜಿಯ ಹಳೆಯ ಸಂದೇಶವನ್ನು ಹಾಕಿದಳು. ಅವ್ವನ ದನಿ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ಕಾಕಾ ಅದನ್ನು ಎರಡು ಸಲ ಹಾಕಿಸಿ ಕೇಳಿದ. “ಮಾರ್ಯಾನಂತ ಅಂದಾಳಲ್ಲೋ ವೈನಿ. ಆಕೀದೇನ ತಪ್ಪಿಲ್ಲ ಬಿಡು” ಎಂದು, ಚೀಲದೊಳಗಿನ ಲಕೋಟೆಯನ್ನು ತೆಗೆದು ಅಣ್ಣನ ಮುಂದಿಟ್ಟ.